ನೇರವಾದ ಎರಡು ಸಾಲು

ವಿಲ್ಬರ್ಟ್ ಡೋನನ್ ನಡೆಯುವುದನ್ನು ಮೊದಲ ಸಲ ಕಂಡವರು ಅವನ ಬೆನ್ನಿಗೆ ಏನೋ ಆಗಿದೆಯೆಂದು ತಿಳಿಯುತ್ತಿದ್ದರು. ಬೆನ್ನಿಗೆ ಏನೂ ಆಗಿರಲಿಲ್ಲ. ಆರಡಿ ಮೀರಿದ ಆಳು ಅವನು. ಎದೆಯೆತ್ತರದ ಗೋಡೆಯೊಂದು ಸದಾ ತನ್ನ ಎಡಗಡೆಗೆ ಇದೆಯೆಂಬಂತೆ, ಅದರಾಚೆಗೆ ತನ್ನ ತಲೆ ಕಾಣಬಾರದೆಂಬಂತೆ, ಮಂಡಿಯನ್ನು ಅರೆ ಮಡಿಸಿ, ಕುತ್ತಿಗೆಯನ್ನು ಮುಂದಕ್ಕೆ ಚಾಚಿ ನಡೆಯುತ್ತಿದ್ದ. ಲಾಖ್ ಎಂದು ನಾವು ಕರೆಯುವ ಕಡಲಕೊಲ್ಲಿಯ ದಂಡೆಯ ಕಲ್ಲುಗೋಡೆಯ ಹಿಂದೆ ಹಾಗೆ ನಡೆಯಲು ಕಾರಣವಿತ್ತು. ಗೋಡೆಯ ಮೇಲೆ ಮನುಷ್ಯನ ತಲೆ ಕಂಡರೆ ಸಾಕು, ಆಚೆಯ ಕೆಸರುಬಯಲಿನಲ್ಲಿ ಮೇಯುತ್ತಿರುವ ಹೆಬ್ಬಾತುಗಳೆಲ್ಲ ಒಮ್ಮೆಗೇ ಎದ್ದುಬಿಡುತ್ತವೆ. ಎದ್ದ ಹಕ್ಕಿ ಆ ಹಾರಾಟದಲ್ಲಿ ಕಳೆದುಕೊಂಡ ಕಸುವನ್ನು ಮತ್ತೆ ಮೇದು ತುಂಬಿಕೊಳ್ಳಬೇಕು, ಮತ್ತು ನಮ್ಮ ಕಡೆ ಚಳಿಗಾಲದ ಹಗಲು ಅಷ್ಟು ಉದ್ದವಿರುವುದಿಲ್ಲ. ಆದರೆ ವಿಲ್ಬರ್ಟ್ ಗೋಡೆಯೇ ಇಲ್ಲದ ಕಡೆಯೂ ಗೋಡೆಯ ಹಿಂದೆ ನಡೆದ. ಪೇಟೆಯ ಅಂಗಡಿಸಾಲಿನಲ್ಲಿ, ಅಂಚೆಕಚೇರಿಯ ಸರದಿಯಲ್ಲಿ, ಚರ್ಚಿನ ನಡುದಾರಿಯಲ್ಲಿ ಅದೇ ನಡಿಗೆ. ಹೊಸದಾಗಿ ಬಂದ ಪಾದ್ರಿಯ ಹೆಂಡತಿ ದೇವರ ಮನೆಯಲ್ಲಿ ಇಷ್ಟು ತಗ್ಗಿ ನಡೆಯುವ ವಿನಯವಂತನನ್ನು ತಾನೆಲ್ಲೂ ಕಂಡಿಲ್ಲವೆಂದು ಹೇಳಿದಳಂತೆ. ಓಣಿಯ ಆಚೆಬದಿಯ ದನಗಾರ ಹ್ಯೂಯಿ ಮೆಕ್‌ಗ್ರಾಟನ್ ಆ ಮಾತನ್ನು ಹತ್ತು ವರ್ಷ ಆಡಿಕೊಂಡು ನಕ್ಕ.

ಹ್ಯೂಯಿ ಇನ್ನೊಂದು ಚರ್ಚಿಗೆ ಹೋಗುವವನು. ನಮ್ಮ ಕಡೆ ಅದು ಸಣ್ಣ ಮಾತಲ್ಲ, ಎರಡು ಚರ್ಚಿನವರು ಬೆರೆಯುವುದೇ ಕಡಿಮೆ. ಆದರೂ ಹರೆಯದಿಂದ ಇಬ್ಬರೂ ಜೊತೆಯಾಗಿ ಕಾಡುಬಾತುಗಳ ಬೇಟೆಗೆ ಹೋದವರು, ಒಂದೇ ದೋಣಿಯಲ್ಲಿ ಮಲಗಿ ಮೈ ಹೆಪ್ಪುಗಟ್ಟಿಸಿಕೊಂಡವರು. ಓಣಿಯಲ್ಲಿ ಎದುರಾದಾಗಲೆಲ್ಲ ಹ್ಯೂಯಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ನೆಲದಲ್ಲಿ ಏನು ಹುಡುಕ್ತಿದ್ದೀಯೋ ವಿಲ್ಬರ್ಟ್? ನಿಮ್ಮಪ್ಪನ ಹಲ್ಲುಸೆಟ್ಟು ಇನ್ನೂ ಸಿಕ್ಕಿಲ್ವಾ?"

"ಸಿಗುತ್ತೆ, ಹಾಗೆ ಕಾಣುತ್ತೆ. ಸಿಕ್ಕಿದ್ರೆ ನಿಂಗೇ ಕೊಡ್ತೀನಿ. ನಿನ್ನ ಬಾಯಿಗೆ ಬೇಕಾಗಿದೆ."

'ಹಾಗೆ ಕಾಣುತ್ತೆ' ಎಂಬುದು ಅವನ ಮಾತಿನ ಬಾಲ. ಮಳೆ ಸುರಿಯುತ್ತಿರುವಾಗ ಮಳೆ ಬರುತ್ತಿದೆ, ಹಾಗೆ ಕಾಣುತ್ತೆ, ಎನ್ನುವನು. ಇವತ್ತು ಭಾನುವಾರ, ಹಾಗೆ ಕಾಣುತ್ತೆ. ಅಪ್ಪ ತೀರಿಕೊಂಡು ನಲವತ್ತು ವರ್ಷವಾಯಿತು, ಹಾಗೆ ಕಾಣುತ್ತೆ. ಯಾವ ಸಂಗತಿಯ ಬಗ್ಗೆಯೂ ಖಚಿತವಾಗಿ ಮಾತಾಡುವ ಹಕ್ಕು ತನಗಿಲ್ಲವೆಂದು ಅವನು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದ. ಆ ಬಾಲವಿಲ್ಲದೆ ಅವನು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ಅವುಗಳಲ್ಲಿ ಒಂದು ನನ್ನ ಕಿವಿಗೆ ಬಿದ್ದಿದೆ.

ಅವನ ಕೋಟೂ ಊರಿಗೆಲ್ಲ ಗೊತ್ತಿದ್ದದ್ದೇ. ಅದು ಅಪ್ಪನ ಕಪ್ಪು ಉಣ್ಣೆಯ ಕೋಟು, ಭಾನುವಾರಕ್ಕೆಂದು ಹೊಲಿಸಿದ್ದು. ಕೆಸರಿನಲ್ಲಿ ಅಂಚು ಎಳೆಯುತ್ತದೆಂದು ವಿಲ್ಬರ್ಟ್ ಒಂದು ಬೆಳಿಗ್ಗೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಅದನ್ನು ಮಂಡಿಗೆ ಸರಿಯಾಗಿ ಕತ್ತರಿಸಿದ. ಗುಂಡಿಗಳು ಉದುರಿದ ಮೇಲೆ ಹುಲ್ಲಿನ ಪಿಂಡಿ ಕಟ್ಟುವ ದಾರವನ್ನು ನಡುವಿಗೆ ಬಿಗಿದ. ಅಕ್ಕ ಲೆಟಿ, ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳು, ಅವನಂತೆಯೇ ಮದುವೆಯಾಗದೆ ಉಳಿದವಳು, ಅಪ್ಪನ ಕೋಟಿಗೆ ಕತ್ತರಿ ಹಾಕಿದವನಿಗೆ ತಾನು ಅಂಚು ಹೊಲಿದುಕೊಡುವುದಿಲ್ಲವೆಂದಳು. ಹೊಲಿಯಲಿಲ್ಲ. ಮೂವತ್ತು ಚಳಿಗಾಲ ಅವನ ಮಂಡಿಯ ಸುತ್ತ ಕಪ್ಪು ಎಳೆಗಳು ಜೋತಾಡುತ್ತಿದ್ದವು.

ಅಪ್ಪ ಡೋನನ್, ಚರ್ಚಿನ ಹಿರಿಯರಲ್ಲೊಬ್ಬ. ಮಾತು ಕಡಿಮೆ, ಹೊಗಳಿಕೆ ಇಲ್ಲವೇ ಇಲ್ಲ. ಸಾಯುವ ಮುಂಚೆ ಮನೆಯನ್ನೂ ಮೇಲಿನ ಜಮೀನನ್ನೂ ಮಗನಿಗೆ ಬರೆದು, ದಂಡೆಹೊಲವೊಂದನ್ನು ಮಗಳ ಹೆಸರಿಗೆ ಬಿಟ್ಟಿದ್ದ. ಅದು ಗೋಡೆಗೆ ತಾಗಿದ ಎರಡು ಎಕರೆ. ಕಡಲಪಾಚಿಯನ್ನು ಗೊಬ್ಬರವಾಗಿ ಹಾಸಿ ಲೆಟಿ ಅಲ್ಲಿ ಬೆಳೆದ ಆಲೂಗಡ್ಡೆ, ಬೇರೆಯವರ ಹೊಲದಲ್ಲಿ ಇನ್ನೂ ಹೂವಿರುವಾಗಲೇ ಅಗೆಯಲು ಬರುತ್ತಿತ್ತು. ಕಡಲ ಉಸಿರು ತಾಗುವ ಆ ನೆಲದಲ್ಲಿ ಹಿಮ ಕಚ್ಚುವುದಿಲ್ಲ. ಜೂನ್ ತಿಂಗಳ ಮೊದಲ ವಾರ ಅವಳು ಬುಟ್ಟಿಯಲ್ಲಿ ಹೊತ್ತು ತಂದ ಆಲೂಗಡ್ಡೆಯನ್ನು ಬೇಯಿಸಿ, ಬೆಣ್ಣೆಯಿಟ್ಟು ತಿಂದು ನಾವೆಲ್ಲ ಬೇಸಿಗೆ ಬಂತು ಎನ್ನುತ್ತಿದ್ದೆವು.

ಆ ಹೊಲವನ್ನು ಉಳಿಸಿದ್ದು ವಿಲ್ಬರ್ಟನ ಹುಲ್ಲು. ಅಲ್ಲಿಂದಲೇ ಎಲ್ಲ ಶುರುವಾದದ್ದು.

ಐವತ್ತೆಂಟನೆಯ ಇಸವಿಯಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ. ಪ್ರತಿ ಚಳಿಗಾಲ ಉಬ್ಬರದ ಅಲೆ ಗೋಡೆಯ ಬುಡವನ್ನು ಕೆರೆಯುತ್ತಿತ್ತು. ಅಪ್ಪ ಪ್ರತಿ ವಸಂತದಲ್ಲಿ ಬಿದ್ದ ಕಲ್ಲನ್ನು ಮತ್ತೆ ಕಟ್ಟುತ್ತಿದ್ದ. ಕೆಸರನ್ನು ಹಿಡಿದು ನಿಲ್ಲಿಸುವ, ಉಪ್ಪುನೀರಿನಲ್ಲೇ ಬೆಳೆಯುವ ಹುಲ್ಲೊಂದು ಇದೆಯೆಂದು ವಿಲ್ಬರ್ಟ್ ರೈತರ ಪತ್ರಿಕೆಯೊಂದರಲ್ಲಿ ಓದಿ, ಇಂಗ್ಲೆಂಡಿನ ತೆಂಕಣ ಕರಾವಳಿಯ ಯಾರಿಗೋ ಕಾಗದ ಬರೆದ. ಚಹಾ ಪೆಟ್ಟಿಗೆಯೊಂದರಲ್ಲಿ ಒದ್ದೆ ಗೋಣಿ ಸುತ್ತಿಕೊಂಡು ಸಸಿಗಳು ಹಡಗಿನಲ್ಲಿ ಬಂದವು. ಇಲ್ಲಿನವರು ಅದನ್ನು ಅಕ್ಕಿಹುಲ್ಲು ಎಂದರು, ತೆನೆ ಹಾಗೆ ಕಾಣುತ್ತದೆಂದು. ಅಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ವಿಲ್ಬರ್ಟ್ ಎರಡು ಗೂಟಗಳ ನಡುವೆ ದಾರ ಬಿಗಿದು, ಎಲೆಕೋಸು ನಾಟುವ ಕೋಲಿನಿಂದ ಕೆಸರಿನಲ್ಲಿ ತೂತು ಮಾಡಿ, ಗೋಡೆಯ ಮುಂದೆ ಎರಡು ಸಾಲು ನಾಟಿದ, ಸಾಲಿಗೆ ನಲವತ್ತು. ಸಂಜೆ ಅಪ್ಪ ಬಂದು ಗೋಡೆಯ ಮೇಲೆ ಕೈಯೂರಿ ಒಂದಷ್ಟು ಹೊತ್ತು ನೋಡಿದ. "ಸಾಲು ನೇರವಾಗಿದೆ" ಎಂದ. ಮಗನಿಗೆ ಅವನು ಹೇಳಿದ ಒಳ್ಳೆಯ ಮಾತು ಅದೊಂದೇ. ಮರುವರ್ಷ ಅಪ್ಪ ತೀರಿಕೊಂಡ.

ಗೋಡೆ ನಿಂತಿತು. ಊರಿನವರು ಬಂದು ನೋಡಿ ಮೆಚ್ಚಿದರು, ಇಬ್ಬರು ಮೂವರು ಸಸಿ ಕೇಳಿಕೊಂಡು ಹೋದರು. ಹುಲ್ಲು ಮಾತ್ರ ಗೋಡೆಯ ಬುಡದಲ್ಲಿ ನಿಲ್ಲುವ ಜಾತಿಯದ್ದಲ್ಲ. ಬೇರಿನ ಚೂರೊಂದು ಅಲೆಗೆ ಸಿಕ್ಕರೆ ಇನ್ನೊಂದೆಡೆ ಹೋಗಿ ಊರುತ್ತದೆ. ಇಪ್ಪತ್ತು ವರ್ಷದಲ್ಲಿ ನಮ್ಮ ಕಿರುಕೊಲ್ಲಿಯ ಒಳಭಾಗವೆಲ್ಲ, ಒಂಬತ್ತು ಎಕರೆ, ಹಸಿರಾಯಿತು. ಹೊರಗಿನವರ ಕಣ್ಣಿಗೆ ಅದು ಚೆಂದವಾಗಿಯೇ ಕಂಡಿತು. ಆದರೆ ಅದರಡಿಯಲ್ಲಿ ಕೆಸರು ಏರಿ ಗಟ್ಟಿಯಾಯಿತು, ಮತ್ತು ಆ ಕೆಸರಿನಲ್ಲಿ ಮೊದಲಿದ್ದ ಕಡಲಹುಲ್ಲು, ರಿಬ್ಬನ್ನಿನಂತೆ ತೆಳ್ಳಗೆ ನೀರಿನಲ್ಲಿ ಮಲಗುವ ಮೆತ್ತನೆಯ ಹುಲ್ಲು, ಉಸಿರುಕಟ್ಟಿ ಸತ್ತುಹೋಯಿತು. ಗ್ರೀನ್‌ಲ್ಯಾಂಡಿನ ಹಿಮಗಡ್ಡೆಯ ಮೇಲಿಂದ ಹಾರಿ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದಿಳಿಯುವ ಬ್ರೆಂಟ್ ಹೆಬ್ಬಾತುಗಳಿಗೆ ಆ ಮೆತ್ತನೆಯ ಹುಲ್ಲೇ ಊಟ. ಕಾಡಿಗೆ ಬಣ್ಣದ ತಲೆ, ಕುತ್ತಿಗೆಯಲ್ಲಿ ಉಗುರು ಗೀಚಿದಷ್ಟು ಬಿಳಿ, ಮೇಯುವಾಗ ಮುದುಕರು ಚಹಾ ಮುಂದಿಟ್ಟುಕೊಂಡು ಗೊಣಗಿದಂಥ ದನಿ. ವಿಲ್ಬರ್ಟನ ಹರೆಯದಲ್ಲಿ ಅವು ಗೋಡೆಯ ಬುಡದವರೆಗೆ ಬಂದು ಮೇಯುತ್ತಿದ್ದವು. ಆಮೇಲೆ ದೂರ ಸರಿದವು. ದೂರ ಸರಿದದ್ದನ್ನು ಅವನೂ ನೋಡಿದ್ದ. ತನ್ನ ಹುಲ್ಲಿಗೂ ಅದಕ್ಕೂ ನಂಟು ಕಟ್ಟಿರಲಿಲ್ಲ.

ಎಪ್ಪತ್ತೊಂಬತ್ತರ ಜನವರಿಯಲ್ಲಿ ಲಾಖಿನ ಅಂಚೇ ಹೆಪ್ಪುಗಟ್ಟಿತು. ಉಪ್ಪುನೀರು ಹೆಪ್ಪುಗಟ್ಟುವಷ್ಟು ಚಳಿ ಹಿರಿಯರ ನೆನಪಿನಲ್ಲೂ ಇರಲಿಲ್ಲ. ಒಂದು ಬೆಳಿಗ್ಗೆ ಗೋಡೆಯ ಬುಡದಲ್ಲಿ, ಅಕ್ಕಿಹುಲ್ಲಿನ ನಡುವೆ, ವಿಲ್ಬರ್ಟನಿಗೆ ಏಳು ಹೆಬ್ಬಾತುಗಳು ಸಿಕ್ಕವು, ಎಲ್ಲ ಸತ್ತವು. ಒಂದನ್ನು ಎತ್ತಿಕೊಂಡ. ಯಾರೋ ಬಿಚ್ಚಿಟ್ಟ ಕೈಗವಸಿನಷ್ಟು ಹಗುರವಾಗಿತ್ತಂತೆ. ಬೇಟೆಗಾರನಲ್ಲವೇ, ಚಾಕು ಜೇಬಿನಲ್ಲೇ ಇತ್ತು. ಹೊಟ್ಟೆ ಕೊಯ್ದು ನೋಡಿದ. ಒಳಗೆ ಅಕ್ಕಿಹುಲ್ಲಿನ ದಂಟಿನ ತುಂಡುಗಳಿದ್ದವು, ಜೀರ್ಣವಾಗದೆ, ಕೊಯ್ದಿಟ್ಟ ಕಡ್ಡಿಗಳ ಹಾಗೆ. ಬೇರೇನೂ ಸಿಗದೆ ಹಸಿವಿಗೆ ಅದನ್ನು ತಿಂದಿದ್ದವು.

ಆ ದಿನವೇ ಅವನು ಕೋವಿಗೆ ಎಣ್ಣೆ ಸವರಿ ಹ್ಯೂಯಿಯ ಮನೆಗೆ ಕೊಟ್ಟುಬಂದ. ಮರುದಿನ ನೀರಿಳಿದಾಗ ಉದ್ದ ಅಲಗಿನ ಸನಿಕೆ ಹಿಡಿದು, ಹಳೆಯ ತಗಡಿನ ಸ್ನಾನದ ತೊಟ್ಟಿಯೊಂದನ್ನು ಹಗ್ಗ ಕಟ್ಟಿ ಕೆಸರಿನ ಮೇಲೆ ಎಳೆದುಕೊಂಡು ಹೋದ. ಹುಲ್ಲಿನ ಹೊರ ಅಂಚಿನಿಂದ ಅಗೆಯತೊಡಗಿದ. ಬುಡವನ್ನು ಬೇರು ಸಮೇತ ತೊಟ್ಟಿಗೆ ಹಾಕಿ, ಒಂದು ಚೂರೂ ಅಲೆಗೆ ಸಿಗದಂತೆ ಎಳೆದು ತಂದು, ಗೋಡೆಯಾಚೆ ಒಣಗಿಸಿ ಸುಡಬೇಕು. ಹೆಬ್ಬಾತುಗಳು ಕೆಸರುಬಯಲಿನಲ್ಲಿ ಇರುವಷ್ಟು ದಿನ ಅಲ್ಲಿ ಕಾಲಿಡುವಂತಿಲ್ಲ. ಬೇಸಿಗೆಯಲ್ಲಿ ಹೊಲದ ಕೆಲಸ. ಹಾಗಾಗಿ ಅವನಿಗೆ ಉಳಿದದ್ದು ಹೊಸವರ್ಷದಿಂದ ಮಾರ್ಚಿನವರೆಗೆ, ಕಡಲಹುಲ್ಲು ಮುಗಿದು ಹಕ್ಕಿಗಳು ಊರ ಹುಲ್ಲುಗಾವಲುಗಳಿಗೆ ಹೊರಳಿದ ಮೇಲಿನ ದಿನಗಳು, ಅಂದರೆ ವರ್ಷದಲ್ಲೇ ಅತಿ ಕೆಟ್ಟ ಚಳಿಯ ದಿನಗಳು. ಒಂದು ಚಳಿಗಾಲಕ್ಕೆ ಅರ್ಧ ಎಕರೆ ಸಾಗಿದರೆ ಹೆಚ್ಚು.

ತೊಂಬತ್ತನಾಲ್ಕರಲ್ಲಿ ಸರ್ಕಾರದ ಪರಿಸರ ಇಲಾಖೆಯಿಂದ ಕ್ಲೀಯನಾ ಎಂಬ ಹೆಣ್ಣುಮಗಳು ಬಂದಳು. ಹಕ್ಕಿಗಳ ಲೆಕ್ಕ ಇಡುವವಳು. ಕಿರುಕೊಲ್ಲಿಯ ನಕ್ಷೆಯನ್ನು ಊರ ಸಭಾಂಗಣದ ಗೋಡೆಗೆ ಅಂಟಿಸಿ, ಈ ಹುಲ್ಲು ಇಲ್ಲಿಗೆ ಹೇಗೆ ಬಂತೆಂದು ಯಾರಿಗಾದರೂ ಗೊತ್ತಿದೆಯೇ ಎಂದು ಕೇಳಿದಳು. ವಾರಪತ್ರಿಕೆಗೆ ಬರೆಯಲು ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಲ್ಲಿದ್ದ ಅರವತ್ತು ಜನಕ್ಕೂ ಉತ್ತರ ಗೊತ್ತಿತ್ತು. ಗಾಳಿಯಲ್ಲಿ ಬಂದಿರಬೇಕು ಎಂದರು ಒಬ್ಬರು. ಹಡಗಿನ ತಳಕ್ಕೆ ಅಂಟಿಕೊಂಡು ಬಂದದ್ದು ಎಂದರು ಇನ್ನೊಬ್ಬರು. ಹ್ಯೂಯಿ ಎದ್ದು ನಿಂತ.

"ನಾನು ಹುಟ್ಟೋಕೆ ಮುಂಚಿಂದಾನೂ ಇದೆ ಮೇಡಂ. ನಮ್ಮಜ್ಜಿ ಅದರಲ್ಲೇ ಪೊರಕೆ ಮಾಡ್ಕೊಂಡು ಮನೆ ಗುಡಿಸ್ತಿದ್ಲು."

ಮುಂದಿನ ಸಾಲಿನಲ್ಲಿ ವಿಲ್ಬರ್ಟ್ ಎದ್ದ, ಎದ್ದರೂ ಬಗ್ಗಿಯೇ ಇದ್ದ. "ಹ್ಯೂಯಿ ಅಜ್ಜಿ ಮನೆ ಗುಡಿಸಿದ್ದನ್ನ ಈ ಊರಲ್ಲಿ ಯಾರೂ ನೋಡಿಲ್ಲ," ಎಂದ. ನಗು ನಿಲ್ಲುವವರೆಗೆ ಕಾದ. "ನಾಟಿದ್ದು ನಾನು. ಎರಡು ಸಾಲು, ಸಾಲಿಗೆ ನಲವತ್ತು."

ಹಾಗೆ ಕಾಣುತ್ತೆ ಎಂಬ ಬಾಲ ಅದಕ್ಕೆ ಇರಲಿಲ್ಲ. ಮರುವಾರದ ಪತ್ರಿಕೆಯಲ್ಲಿ ಆ ಮಾತನ್ನು ನಾನು ಬರೆಯಲಿಲ್ಲ.

ಔಷಧಿ ಹೊಡೆಯಬಹುದೆಂದು ಕ್ಲೀಯನಾ ಹೇಳಿದಾಗ, ಅದು ಮೆತ್ತನೆಯ ಹುಲ್ಲಿಗೆ ಏನು ಮಾಡುತ್ತದೆ ಎಂದು ಅವನು ಕೇಳಿದ. ತನಗೆ ಸರಿಯಾಗಿ ಗೊತ್ತಿಲ್ಲ ಎಂದಳು. ಹಾಗಾದರೆ ತಾನು ಅಗೆಯುತ್ತೇನೆ ಎಂದ. ಗೊತ್ತಿಲ್ಲವೆಂದು ಒಪ್ಪಿಕೊಂಡದ್ದಕ್ಕೆ ಅವಳನ್ನು ಅವನು ಕೊನೆಯವರೆಗೂ ಗೌರವಿಸಿದ. ಅಗೆಯಲು ಅವಳು ಕಳಿಸಿಕೊಟ್ಟ ಅನುಮತಿಪತ್ರ ಅಡುಗೆಮನೆಯ ಗಡಿಯಾರದ ಹಿಂದೆ ಉಳಿಯಿತು. ಅವಳು ಹೇಳಿದ ಇನ್ನೊಂದು ಸಂಗತಿ ಅವನ ತಲೆಯಲ್ಲಿ ಉಳಿಯಿತು. ಹೆಬ್ಬಾತು ಮೇವಿನ ಜಾಗವನ್ನು ತಂದೆತಾಯಿಯ ಜೊತೆ ಬಂದು ಕಲಿಯುತ್ತದೆ, ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ. ಆದರೆ ನೆನಪಿರುವ ಹಕ್ಕಿ ಸತ್ತರೆ ಜಾಗವೂ ಸತ್ತಂತೆ.

ನೆನಪಿರುವ ಹಕ್ಕಿಯೊಂದು ಇತ್ತು. ಹಕ್ಕಿಗಳ ಲೆಕ್ಕದವರು ಎಡಗಾಲಿಗೆ ಗುರುತಿನ ಹಳದಿ ಉಂಗುರ ಹಾಕಿದ್ದ ಗಂಡು ಹೆಬ್ಬಾತು. ಪ್ರತಿ ಅಕ್ಟೋಬರಿನಲ್ಲಿ ಮೊದಲ ಹಿಂಡಿನಿಂದ ಬೇರೆಯಾಗಿ, ಗೋಡೆಯ ಬಳಿಯ ಅಕ್ಕಿಹುಲ್ಲಿನ ಅಂಚಿಗೆ ಒಂದೇ ಇಳಿಯುತ್ತಿತ್ತು. ಹತ್ತು ಹೆಜ್ಜೆ ನಡೆದು, ಕುತ್ತಿಗೆ ನೀಡಿ ಆಚೀಚೆ ನೋಡಿ, ಮತ್ತೆ ಹಾರಿಹೋಗುತ್ತಿತ್ತು. ವಿಲ್ಬರ್ಟ್ ಗೋಡೆಯ ಸಂದಿನಿಂದ ನೋಡುತ್ತಿದ್ದ. "ಕೇಳೋಕೆ ಬರುತ್ತೆ ಅದು," ಎಂದು ನನಗೊಮ್ಮೆ ಹೇಳಿದ. "ಇನ್ನೂ ಆಗಿಲ್ವಾ ಅಂತ ಕೇಳುತ್ತೆ, ಹಾಗೆ ಕಾಣುತ್ತೆ."

ತೊಂಬತ್ತೆಂಟರ ಮಾರ್ಚಿನ ಹೊತ್ತಿಗೆ ಒಂಬತ್ತು ಎಕರೆ ಬಯಲಾಗಿತ್ತು. ಉಳಿದದ್ದು ಗೋಡೆಯ ಬುಡದ ಮೊದಲ ಎರಡು ಸಾಲು, ನಲವತ್ತು ವರ್ಷದಲ್ಲಿ ದಪ್ಪಗಾಗಿ ಒಂದು ಪಟ್ಟಿಯೇ ಆಗಿದ್ದವು. ಅಲ್ಲಿಗೆ ಬಂದು ಸನಿಕೆ ನಿಂತಿತು. ಆ ಎರಡು ಸಾಲು ಹೋದರೆ ಗೋಡೆಗೆ ಆಸರೆಯಿಲ್ಲ, ಗೋಡೆ ಹೋದರೆ ಲೆಟಿಯ ದಂಡೆಹೊಲ ಉಳಿಯುವುದಿಲ್ಲ. ಊರಿಗೆ ಇದು ಅರ್ಥವಾಗಿತ್ತು. ಅಕ್ಕನ ಹೊಲಕ್ಕಾಗಿ ವಿಲ್ಬರ್ಟ್ ಕೈ ತಡೆದಿದ್ದಾನೆ ಎಂದರು, ಮೆಚ್ಚಿಕೊಂಡೇ ಹೇಳಿದರು. ಅಲ್ಲಿಂದ ಮುಂದೆ ಪ್ರತಿ ಚಳಿಗಾಲವೂ ಅವನ ಕೆಲಸ ಒಂದೇ. ಆ ಪಟ್ಟಿಯಿಂದ ಬೇರು ಚಾಚಿ ಹೊರಗೆ ಹೊರಟ ಹುಲ್ಲನ್ನು ಕೀಳುವುದು, ಪಟ್ಟಿಯನ್ನು ಮುಟ್ಟದೆ ಹಿಂದಕ್ಕೆ ಬರುವುದು. ಮರುವರ್ಷ ಹುಲ್ಲು ಮತ್ತೆ ಹೊರಡುತ್ತಿತ್ತು. ಇವನ ತೋಳು ಸನಿಕೆ ಎತ್ತುವಷ್ಟು ಕಾಲ ಬಯಲು ಬಯಲಾಗಿರುತ್ತದೆ, ಎತ್ತದ ವರ್ಷದಿಂದ ಹಸಿರು ಮರಳುತ್ತದೆ. ಅವನಿಗೆ ವಯಸ್ಸಾಗುತ್ತಿತ್ತು. ಹಳದಿ ಉಂಗುರದ ಹಕ್ಕಿಗೂ ಆಗುತ್ತಿತ್ತು.

ಹದಿನಾಲ್ಕು ವರ್ಷ ಆ ಮನೆಯಲ್ಲಿ ಎರಡು ಸಾಲಿನ ಮಾತು ಬರಲಿಲ್ಲ. ಲೆಟಿ ವಸಂತದಲ್ಲಿ ಆಲೂಗಡ್ಡೆ ಬಿತ್ತಿದಳು, ಜೂನಿನಲ್ಲಿ ಅಗೆದಳು. ಅವನು ಚಳಿಗಾಲದಲ್ಲಿ ಅಗೆದ. ಸಂಜೆ ಒಲೆಯ ಎರಡು ಬದಿಗೆ ಕುಳಿತು ರೇಡಿಯೊದಲ್ಲಿ ಹವಾಮಾನ ಕೇಳಿದರು. ಹ್ಯೂಯಿ ಒಮ್ಮೆ ಅವರಲ್ಲಿಗೆ ಚಹಾಕ್ಕೆ ಹೋಗಿ ಬಂದು, "ಆ ಮನೇಲಿ ಗಡಿಯಾರ ಒಂದೇ ಮಾತಾಡೋದು, ಅದೂ ಗಂಟೆಗೊಂದು ಸಲ," ಎಂದ.

ಎರಡು ಸಾವಿರದ ಹನ್ನೆರಡರ ಜನವರಿಯಲ್ಲಿ ವಿಲ್ಬರ್ಟ್ ಕೆಸರಿನಲ್ಲಿ ಬಿದ್ದ. ಸೊಂಟದ ಮೂಳೆ ಮುರಿದಿತ್ತು. ನೀರೇರುವ ಹೊತ್ತು. ಹ್ಯೂಯಿ ತನ್ನ ದನಗಳಿಗೆ ಮೇವು ಹಾಕುವಾಗ ತೊಟ್ಟಿಯೊಂದು ಒಂಟಿಯಾಗಿ ತೇಲಾಡುವುದನ್ನು ಕಂಡು ಓಡಿದ್ದರಿಂದ ವಿಲ್ಬರ್ಟ್ ಬದುಕಿದ. ಅದೇ ತೊಟ್ಟಿಯಲ್ಲಿ ಮಲಗಿಸಿ ಅವನನ್ನು ದಂಡೆಗೆ ಎಳೆದುಕೊಂಡು ಬಂದ. ದಾರಿಯುದ್ದಕ್ಕೂ ಬೈದನಂತೆ, ಇಷ್ಟು ಭಾರದ ಕಳೆ ನಾನು ಎಳೆದಿಲ್ಲ ಕಣೋ ಎಂದು.

ಫೆಬ್ರುವರಿಯಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಾಗ ಎರಡು ಕೋಲು ಹಿಡಿದು ಅಡುಗೆಮನೆಯ ಕಿಟಕಿಯವರೆಗೆ ನಡೆಯುವುದು, ಅಲ್ಲಿ ಕೂರುವುದು, ಅಷ್ಟೇ ಅವನಿಂದ ಆಗುತ್ತಿದ್ದದ್ದು. ಆಮೇಲೆ ನಡೆದದ್ದನ್ನು ಲೆಟಿ ನನಗೆ ಹೇಳಿದಳು, ಒಂದು ವರ್ಷ ಕಳೆದ ಮೇಲೆ, ಅದೇ ಕಿಟಕಿಯ ಹತ್ತಿರ ಕುಳಿತು. ಒಂದು ಬೆಳಿಗ್ಗೆ ಅವಳು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಅವನು ಹೊರಗೆ ನೋಡುತ್ತಿದ್ದ. ಪಟ್ಟಿಯಿಂದ ಹೊರಟ ಹುಲ್ಲು ಆಗಲೇ ಎರಡು ಮಾರು ಮುಂದೆ ಬಂದಿತ್ತು.

"ಆ ಎರಡು ಸಾಲು ಕೀಳೋದು ಯಾವಾಗ?" ಎಂದಳು ಲೆಟಿ.

"ನಿನ್ನ ಹೊಲ ಹೋಗುತ್ತೆ."

"ಹೊಲದ ಸುದ್ದಿ ನಾನು ಎತ್ತಿದ್ನಾ? ಹದಿನಾಲ್ಕು ವರ್ಷದಿಂದ ನೀನು ಬಾಯಿಬಿಟ್ಟು ಕೇಳ್ತೀಯ ಅಂತ ಕಾಯ್ತಿದ್ದೀನಿ. ಕೇಳಿದ್ದಿದ್ರೆ ಅವತ್ತೇ ಕೊಡ್ತಿದ್ದೆ."

ಅವನು ಕಿಟಕಿಯ ಕಡೆಗೆ ತಿರುಗಿದ. ಅವಳು ಮತ್ತೆ ಚಾಕು ಕೈಗೆತ್ತಿಕೊಂಡಳಂತೆ.

"ಹೊಲಕ್ಕೋಸ್ಕರ ಅಲ್ಲ ಲೆಟಿ," ಎಂದ. "ಅಪ್ಪ ಸಾಲು ನೇರವಾಗಿದೆ ಅಂದಿದ್ದರು."

ಊರು ಹದಿನಾಲ್ಕು ವರ್ಷ ಆಡಿದ ಮಾತು ಸುಳ್ಳಾದದ್ದು ಹಾಗೆ. ಅವಳಿಗೂ ಅದು ಸುಳ್ಳಾಯಿತು. ತಮ್ಮ ತನಗಾಗಿ ತನ್ನ ಹಕ್ಕಿಗಳನ್ನು ಬಿಟ್ಟುಕೊಟ್ಟಿದ್ದಾನೆ ಎಂದುಕೊಂಡು ಅವಳು ಹದಿನಾಲ್ಕು ಬೆಳೆ ಬೆಳೆದಿದ್ದಳು, ಒಂದೊಂದು ಆಲೂಗಡ್ಡೆಯನ್ನೂ ಸಾಲವೆಂಬಂತೆ ತಿಂದಿದ್ದಳು. ಅವನು ಹೊಲದ ಮಾತು ಎತ್ತದ್ದು ಅಕ್ಕನ ಮೇಲಿನ ದಯೆಯಿಂದಲ್ಲ. ಸತ್ತ ಅಪ್ಪನ ಎರಡು ಪದಗಳನ್ನು ಬುಡಸಮೇತ ಕಿತ್ತು ತೊಟ್ಟಿಗೆ ಹಾಕಲು ಅವನಿಗೆ ಕೈ ಬಂದಿರಲಿಲ್ಲ.

"ಅವರು ಅಂದಿದ್ದು ನಂಗೂ ಕೇಳಿಸಿತ್ತು," ಎಂದಳು ಲೆಟಿ. "ನಾನೂ ಅಲ್ಲೇ ಇದ್ದೆ. ದಾರದ ಇನ್ನೊಂದು ತುದಿ ಹಿಡಿದಿದ್ದು ಯಾರು ಅಂದ್ಕೊಂಡಿದ್ದೀಯ?"

ಅವನು ತಿರುಗಿ ನೋಡಿದ. ಆ ಸಂಗತಿ ಅವನಿಗೆ ಮರೆತುಹೋಗಿತ್ತು. ಐವತ್ತನಾಲ್ಕು ವರ್ಷ ಆ ನೆನಪಿನಲ್ಲಿ ಅವನೂ ಅಪ್ಪನೂ ಇಬ್ಬರೇ ನಿಂತಿದ್ದರು.

"ನನಗವರು ಒಂದು ಮಾತೂ ಆಡಲಿಲ್ಲ," ಎಂದಳು. "ಹೊಲ ಬರೆದರು. ನಂಗೆ ಹೊಲ ಬೇಕಿರಲಿಲ್ಲ."

ಆ ದಿನ ಮಧ್ಯಾಹ್ನ ಅವಳು ಕಪ್ಪು ಕೋಟನ್ನು ಮೊಳೆಯಿಂದ ತೆಗೆದು, ಕಿಟಕಿಯ ಬೆಳಕಿಗೆ ಕುಳಿತು, ಮೂವತ್ತು ವರ್ಷದಿಂದ ಜೋತಾಡುತ್ತಿದ್ದ ಅಂಚನ್ನು ಮಡಿಸಿ ಹೊಲಿದಳು. ಮರುದಿನ ನೀರಿಳಿದಾಗ ಆ ಕೋಟು ತೊಟ್ಟು, ಆಲೂಗಡ್ಡೆ ಅಗೆಯುವ ಮುಳ್ಳುಗುದ್ದಲಿ ಹಿಡಿದು, ಎಪ್ಪತ್ತೆಂಟರ ಹೆಂಗಸು ಗೋಡೆ ದಾಟಿದಳು. ಹ್ಯೂಯಿ ತೊಟ್ಟಿ ಎಳೆಯಲು ಬಂದ. ಕಿಟಕಿಯಲ್ಲಿ ವಿಲ್ಬರ್ಟ್ ಕೂತು ನೋಡಿದ. ತಮ್ಮ ಮಾಡುತ್ತಿದ್ದಂತೆ ಸಿಕ್ಕಲ್ಲಿ ಅಗೆಯದೆ ಲೆಟಿ ಎರಡು ಗೂಟ ಊರಿ ದಾರ ಬಿಗಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ, ದಾರ ತಪ್ಪದೆ, ನಾಟಿದ ಕ್ರಮದಲ್ಲೇ ಕಿತ್ತಳು. ಆ ಮಾರ್ಚಿಗೆ ಒಂದು ಸಾಲು ಮುಗಿಯಿತು.

ಎರಡನೆಯದು ಮುಗಿಯುವುದನ್ನು ಅವನು ನೋಡಲಿಲ್ಲ. ಅಕ್ಟೋಬರಿನಲ್ಲಿ ಹೆಬ್ಬಾತುಗಳು ಬಂದವು. ಮೊದಲ ವಾರ, ಎರಡನೆಯ ವಾರ ಅವನು ದುರ್ಬೀನು ಹಿಡಿದು ಕಾದ. ಹಳದಿ ಉಂಗುರದ್ದು ಬರಲಿಲ್ಲ. ಎಲ್ಲಾದರೂ ಬೇರೆ ದಂಡೆಯಲ್ಲಿ ಇಳಿದಿರಬಹುದು ಎಂದು ಕ್ಲೀಯನಾ ಫೋನಿನಲ್ಲಿ ಹೇಳಿದಳು. ಹಾಗೇ ಇರಬೇಕು, ಎಂದ ಅವನು. ಫೋನಿಟ್ಟ ಮೇಲೆ ಲೆಟಿಗೆ ಮಾತ್ರ, "ಸತ್ತುಹೋಗಿದೆ ಅದು," ಎಂದ. ನವೆಂಬರಿನ ಕೊನೆಯಲ್ಲಿ ಅವನಿಗೆ ನ್ಯುಮೋನಿಯ ಆಯಿತು. ಐದು ದಿನಕ್ಕೆ ತೀರಿಕೊಂಡ.

ಮನೆಯಲ್ಲಿ ಎರಡು ದಿನ ಚಹಾ ಮತ್ತು ಹಂದಿಮಾಂಸದ ಸ್ಯಾಂಡ್‌ವಿಚ್ಚು ನಡೆಯಿತು. ಬಂದವರೆಲ್ಲ ಶವಪೆಟ್ಟಿಗೆಯ ಬಳಿ ನಿಂತು ಒಂದೇ ಮಾತು ಹೇಳಿದರು, ಎಷ್ಟು ಉದ್ದವಿದ್ದಾನೆ ನೋಡು ಎಂದು. ಅವನು ನೆಟ್ಟಗೆ ಇದ್ದದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ಪೆಟ್ಟಿಗೆ ಮಾಡುವವನು ಎರಡು ಸಲ ಅಳತೆ ತೆಗೆಯಬೇಕಾಯಿತಂತೆ. ಓಣಿಯಲ್ಲಿ ಹೆಗಲು ಕೊಡುವ ಸರದಿಯಲ್ಲಿ ಹ್ಯೂಯಿ ಮೊದಲ ಹೆಗಲು ತನ್ನದೆಂದ. ಅವನ ಚರ್ಚು ಬೇರೆ. ಯಾರೂ ಅಡ್ಡ ಬರಲಿಲ್ಲ. ಗೋಡೆಯ ಪಕ್ಕ ಹಾದುಹೋಗುವಾಗ ಅವನು ಮಂಡಿ ಮಡಿಸಿ ತಗ್ಗಿದ. ಅವನ ಹಿಂದಿದ್ದವರೂ ತಗ್ಗಿದರು. ಪೆಟ್ಟಿಗೆ ಗೋಡೆಗಿಂತ ಕೆಳಗೆ ಸಾಗಿತು. ಆಚೆ ಕೆಸರಿನಲ್ಲಿ ಮುನ್ನೂರು ಹೆಬ್ಬಾತುಗಳು ಮೇಯುತ್ತಿದ್ದವು. ಒಂದೂ ಏಳಲಿಲ್ಲ.

ಎರಡನೆಯ ಸಾಲನ್ನು ಆ ಫೆಬ್ರುವರಿಯಲ್ಲಿ ಲೆಟಿ ಮತ್ತು ಹ್ಯೂಯಿ ಕಿತ್ತರು. ಕೊನೆಯ ಬುಡವನ್ನು ತೊಟ್ಟಿಗೆ ಹಾಕಿದ ಮೇಲೆ ಹ್ಯೂಯಿ ಗೋಡೆಯ ಮೇಲೆ ಕೈಯೂರಿ ನಿಂತು, ಗೂಟದಿಂದ ಗೂಟಕ್ಕೆ ನೋಡಿ, "ಸಾಲು ನೇರವಾಗಿದೆ ಲೆಟಿ," ಎಂದನಂತೆ. ಅವನಿಗೆ ಹಳೆಯ ಕಥೆ ಗೊತ್ತಿರಲಿಲ್ಲ. ಅವಳು ಮುಖ ತಿರುಗಿಸಿ ಕೋಟಿನ ತೋಳಿನಿಂದ ಕೆಸರು ಒರೆಸಿಕೊಂಡಳು, ಕೆಸರಿಲ್ಲದ ಕಡೆಯೂ ಒರೆಸಿಕೊಂಡಳು.

ಮುಂದಿನ ಜನವರಿಯ ಬಿರುಗಾಳಿಗೆ ಗೋಡೆಯ ಮಧ್ಯಭಾಗ ಹೋಯಿತು. ಇನ್ನೊಂದು ಚಳಿಗಾಲಕ್ಕೆ ಉಳಿದದ್ದೂ ಹೋಯಿತು. ಉಬ್ಬರ ದಂಡೆಹೊಲದೊಳಕ್ಕೆ ಬಂದು, ಆಲೂಗಡ್ಡೆಯ ಏರಿಗಳನ್ನು ಒಂದೊಂದಾಗಿ ತಟ್ಟಿ ಸಮಮಾಡಿ, ಕಪ್ಪು ಮಣ್ಣನ್ನು ಹೊತ್ತುಕೊಂಡು ಹೋಯಿತು. ಈಗ ಜೂನ್ ಮೊದಲ ವಾರ ನಾವು ಅಂಗಡಿಯ ಆಲೂಗಡ್ಡೆ ತಿನ್ನುತ್ತೇವೆ. ಅದರಲ್ಲಿ ಬೇಸಿಗೆಯಿಲ್ಲ.

ಅವನು ಹೋದ ಮೇಲಿನ ಮೂರನೆಯ ಅಕ್ಟೋಬರಿನಲ್ಲಿ ಲೆಟಿ ನನ್ನನ್ನು ಕರೆಸಿದಳು. ಅಡುಗೆಮನೆಯ ಬಾಗಿಲಲ್ಲೇ ತಡೆದು, ಬಗ್ಗಿ ಬಾ ಎಂದು ಕೈಸನ್ನೆ ಮಾಡಿದಳು. ತಾನೂ ಮಂಡಿ ಮಡಿಸಿ, ಕುತ್ತಿಗೆ ಚಾಚಿ, ಕಿಟಕಿಯ ಕೆಳಗಿನ ಅಂಚಿನವರೆಗೆ ನಡೆದಳು. ಹೊಲವಿದ್ದ ಕಡೆ ತೆಳುನೀರಿನಲ್ಲಿ ಐದು ಹೆಬ್ಬಾತುಗಳಿದ್ದವು, ಎರಡು ದೊಡ್ಡವು, ಮೂರು ಆ ವರ್ಷದ ಮರಿಗಳು, ರೆಕ್ಕೆಯ ಮೇಲೆ ಇನ್ನೂ ಬಿಳಿ ಗೆರೆ ಮಾಸದವು. ನಾವು ಅವುಗಳ ಕಾಲು ನೋಡಿದೆವು. ಯಾವುದರಲ್ಲೂ ಉಂಗುರವಿರಲಿಲ್ಲ. ಈ ಜಾಗವನ್ನು ಅವಕ್ಕೆ ಯಾರೂ ತೋರಿಸಿಕೊಟ್ಟಿರಲಿಲ್ಲ. ತಪ್ಪಿ ಬಂದಿದ್ದವು, ಮತ್ತು ನೀರಿನಲ್ಲಿ ಮಲಗಿದ ಒಂದೆರಡು ತೆಳು ಎಳೆಗಳನ್ನು ಎಳೆದು ಮೇಯುತ್ತಿದ್ದವು. ಕಾದಿದ್ದ ಹಕ್ಕಿಗೆ ಜಾಗ ಸಿಗಲಿಲ್ಲ. ಕಾಯದ ಹಕ್ಕಿಗಳು ಅದನ್ನು ತಮ್ಮದೆಂದುಕೊಂಡು ಮೇಯುತ್ತಿದ್ದವು. ಲೆಟಿ ತುಟಿಯಲ್ಲೇ ಎಣಿಸಿದಳು. "ಐದು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹಾಗೆ ಕಾಣುತ್ತೆ," ಎಂದಳು.

ನಾಟಿದವರ ಹೆಸರು ಊರುಗಳಲ್ಲಿ ಉಳಿಯುತ್ತದೆ. ಇದು ಇಂಥವರು ಇಟ್ಟ ಮರ, ಇದು ಇಂಥವರು ಕಟ್ಟಿದ ಗೋಡೆ ಎಂದು ತೋರಿಸಲು ಅವರ ಹಿಂದೆ ಏನಾದರೂ ನಿಂತಿರುತ್ತದೆ. ತನ್ನ ಕೈ ನಾಟಿದ್ದನ್ನು ತನ್ನ ಕೈಯಿಂದಲೇ ಕೀಳುತ್ತ ಬದುಕು ಸವೆಸುವವರಿಗೆ ಅದಿಲ್ಲ. ಅವರು ಮೊದಲು ತಪ್ಪನ್ನು ಕಾಣುವಷ್ಟು ಹೊತ್ತು ಬದುಕಬೇಕು, ಆಮೇಲೆ ಅದನ್ನು ತಿದ್ದುವಷ್ಟು ಹೊತ್ತು, ಮತ್ತು ಹೆಚ್ಚಿನವರಿಗೆ ಎರಡನೆಯದು ಸಾಕಾಗುವುದಿಲ್ಲ. ಉಳಿದದ್ದನ್ನು ದಾರದ ಇನ್ನೊಂದು ತುದಿ ಹಿಡಿದಿದ್ದವರು ಮುಗಿಸಬೇಕು. ಕೆಲಸ ಸರಿಯಾಗಿ ಮುಗಿದಿದ್ದರೆ ತೋರಿಸಲು ಅಲ್ಲಿ ಏನೂ ಇರುವುದಿಲ್ಲ. ಇಳಿತದ ಹೊತ್ತಿಗೆ ನಮ್ಮ ದಂಡೆಗೆ ಬಂದವರು ಕೇಳುತ್ತಾರೆ, ಇಲ್ಲಿ ನೋಡುವಂಥದ್ದೇನಿದೆ ಎಂದು. ಇಲ್ಲಿ ಬರಿಯ ಕೆಸರು ಇದೆ. ಅದನ್ನು ಹಾಗೆ ಬರಿದಾಗಿಸಲು ಒಬ್ಬ ಮನುಷ್ಯ ಮೂವತ್ತಮೂರು ಚಳಿಗಾಲ ತಲೆ ಎತ್ತದೆ ನಡೆದ.